ಸೂಜಿಹಕ್ಕಿಯ ಶೋಕಸಭೆ

ಮೊದಲ ದಿನ ಅವನ ಮೇಲೆ ನನಗೆ ಬಂದದ್ದು ಸಿಟ್ಟು. ಪ್ರೀತಿ ನಿಧಾನಕ್ಕೆ ಬಂತು, ಸಿಟ್ಟು ಎದ್ದುಹೋದ ಜಾಗದಲ್ಲಿ ಕುರ್ಚಿ ಎಳೆದುಕೊಂಡು ಕೂತಿತು.

ನಮ್ಮ ಊರಿನ ಅಂಚಿನಲ್ಲಿ ಒಂದು ದೊಡ್ಡ ಜೌಗು ಇದೆ. ನಡುವೆ ಜೊಂಡು ಬೆಳೆದ ನೀರು, ಸುತ್ತ ಸೊಂಟದೆತ್ತರದ ಹುಲ್ಲುಗಾವಲು. ವರ್ಷದ ಅರ್ಧ ಕಾಲ ಆ ಹುಲ್ಲಿನ ಬುಡ ನೀರಲ್ಲೇ ಇರುತ್ತದೆ. ಕಾಲಿಟ್ಟರೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಬೇಕು. ಅದಕ್ಕೇ ಅದರ ಮೇಲೊಂದು ಹಲಗೆಯ ದಾರಿ ಕಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವವರ ಗುಂಪೊಂದು ಆ ದಾರಿಯ ಮೇಲೆ ನಡೆಯುತ್ತದೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ, ನಿವೃತ್ತ ಗಣಿತದ ಟೀಚರ್. ನನ್ನ ಮದುವೆ ಮುರಿದ ಮೇಲೆ ನಾನು ಅವಳ ಜೊತೆಗೇ ಇದ್ದೇನೆ. ಕೆಳಗೆ ನನ್ನ ಕನ್ನಡಕದ ಅಂಗಡಿ, ಮೇಲೆ ನಮ್ಮಿಬ್ಬರ ಮನೆ.

"ವಾರವೆಲ್ಲ ಕತ್ತಲೆ ಕೋಣೇಲಿ ಕೂತು ಬೇರೆಯವರ ಕಣ್ಣು ಪರೀಕ್ಷೆ ಮಾಡ್ತೀಯ. ಒಂದು ದಿನ ನಿನ್ನ ಕಣ್ಣಿಗೂ ಏನಾದ್ರೂ ತೋರಿಸೇ" ಅಂದಳು.

"ಹಕ್ಕೀನಾ?"

"ಹಕ್ಕಿ ಅಂತಾನೇ ಅಂದ್ಕೋ."

ಅವಳ ಮನಸ್ಸಿನಲ್ಲಿದ್ದದ್ದು ಎರಡು ಕಾಲಿನ, ರೆಕ್ಕೆ ಇಲ್ಲದ ಹಕ್ಕಿ ಎಂದು ನನಗೆ ಹಲಗೆ ದಾರಿಯ ಬಾಗಿಲಲ್ಲೇ ಗೊತ್ತಾಯಿತು. ಉದ್ದ ಕಾಲು, ಉದ್ದ ಕತ್ತು, ಅಂಗಿಯ ಜೇಬಿನಲ್ಲಿ ಪೆನ್ಸಿಲ್, ಕೂದಲಲ್ಲಿ ಮರದ ಪುಡಿ. ಕೆಲಸದಲ್ಲಿ ಬಡಗಿ. ಆ ದಾರಿಯ ಹಲಗೆಗಳನ್ನೆಲ್ಲ ಜೋಡಿಸಿದವನೂ ಅವನೇ, ಗುಂಪಿಗೆ ಹಕ್ಕಿ ತೋರಿಸುವವನೂ ಅವನೇ. ನೀರಂಚಿನಲ್ಲಿ ಅಲುಗಾಡದೆ ನಿಲ್ಲುವ ಅವನ ಶೈಲಿಗೆ ಗುಂಪಿನವರು ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಉಳಿದವರೆಲ್ಲ ಅರವತ್ತು ದಾಟಿದವರು.

ಹಲಗೆಯ ಮೇಲೆ ಪಿಸುಮಾತು ಮಾತ್ರ, ಅದು ಗುಂಪಿನ ನಿಯಮ. ಕೊಕ್ಕರೆ ಮುಂದೆ, ಅವನ ಬೆನ್ನ ಹಿಂದೆ ನಾನು. ತಿರುವಿನ ಹತ್ತಿರ ಹುಲ್ಲಿನೊಳಗಿಂದ ಒಂದು ಸಣ್ಣ ಸದ್ದು ಬಂತು. ಝೀಂ, ಝೀಂ, ಝೀಂ. ಎಷ್ಟು ಸಣ್ಣ ಅಂದರೆ, ಕಿವಿಯೊಳಗೆ ಯಾರೋ ದಾರ ಪೋಣಿಸಿದ ಹಾಗೆ.

"ರೀ, ಈ ಸದ್ದು ಯಾವ ಹುಳದ್ದು?" ಎಂದು ಪಿಸುಗುಟ್ಟಿದೆ.

ಅವನು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದೆ. ತಿರುಗಿದ, ಆದರೆ ನನ್ನ ಕಡೆಗಲ್ಲ. ಆಕಾಶದ ಕಡೆ ಕೈ ತೋರಿಸಿ, ನನ್ನ ಹಿಂದಿದ್ದ ನಿವೃತ್ತ ಪೋಸ್ಟ್‌ಮಾಸ್ಟರಿಗೆ ನೀರುಕಾಗೆ ತೋರಿಸಿದ.

ಜಂಬದ ಕೋಳಿ, ಅಂದುಕೊಂಡೆ. ಕರೆದರೆ ತಿರುಗದ ಗಂಡಸರ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ನನ್ನ ಗಂಡನಾಗಿದ್ದವನ ಕಿವಿ ಬಲು ಚುರುಕು, ಪಕ್ಕದ ಬೀದಿಯಲ್ಲಿ ಕಾರಿನ ಹಾರ್ನ್ ಆದರೂ ಯಾವ ಕಂಪನಿಯ ಕಾರು ಎಂದು ಹೇಳುತ್ತಿದ್ದ. ನಾನು ಅತ್ತದ್ದು ಮಾತ್ರ ಅವನಿಗೆ ಕೊನೆಯವರೆಗೂ ಕೇಳಲಿಲ್ಲ.

ನಡಿಗೆ ಮುಗಿದ ಮೇಲೆ ಎಲ್ಲರೂ ಬಾಗಿಲ ಬಳಿಯ ಮರದ ಶೆಡ್ಡಿನಲ್ಲಿ ಚಹಾ, ಬಿಸ್ಕತ್ತಿಗೆ ಸೇರಿದರು. ಕೊಕ್ಕರೆ ಗಂಟಲು ಸರಿಮಾಡಿಕೊಂಡ.

"ಒಂದು ಬೇಜಾರಿನ ವಿಷಯ. ಸೂಜಿಹಕ್ಕಿ ಈ ವರ್ಷ ಬಂದೇ ಇಲ್ಲ. ಹೋದ ವರ್ಷ ಒಂದೇ ಒಂದು ಕೂಗು ಕೇಳಿದ್ದೆ. ಈ ಸಲ ಅದೂ ಇಲ್ಲ. ಅದು ಈ ಜೌಗು ಬಿಟ್ಟು ಹೋಯ್ತು ಅಂತ ಒಪ್ಕೊಳ್ಳೋ ಕಾಲ ಬಂತು."

ಸೂಜಿಹಕ್ಕಿ ಹುಲ್ಲಿನ ಬಣ್ಣದ, ಹೆಬ್ಬೆರಳಿನಷ್ಟು ಹಕ್ಕಿಯಂತೆ. ಕಣ್ಣಿಗೆ ಬೀಳುವುದೇ ಅಪರೂಪ, ಕೂಗಿನಿಂದಲೇ ಗುರುತು. ನನಗೆ ಇದನ್ನು ವಿವರಿಸಿದ ಪೋಸ್ಟ್‌ಮಾಸ್ಟರ್ ಎದ್ದು ನಿಂತು ಅದರ ಮೇಲೆ ಬರೆದ ಪದ್ಯ ಓದಿದರು. ಪ್ರಾಸ ಎಲ್ಲೆಲ್ಲೋ ಎಡವುತ್ತಿತ್ತು, ಆದರೂ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತರು. ಹಕ್ಕಿಯ ಶೋಕಸಭೆಗೆ ನಾನು ಹೋದದ್ದು ಅದೇ ಮೊದಲು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದೆ. ಅವನ ಮುಖ ನೋಡಿದ ಮೇಲೆ ನಗು ಬರಲಿಲ್ಲ.

"ನಾನು ಹಕ್ಕಿ ನೋಡೋಕೆ ಶುರು ಮಾಡಿದ್ದೇ ಅದರಿಂದ" ಅಂದ. "ಅದಿಲ್ದೆ ಈ ಜೌಗಲ್ಲಿ ನನಗೆ ಇನ್ನೇನು ಕೆಲಸ. ಈ ಋತು ಮುಗೀಲಿ, ಶೆಡ್ಡಿನ ಬೀಗದ ಕೈ ಇನ್ಯಾರಾದ್ರೂ ಇಟ್ಕೊಳ್ಳಿ."

ಆಮೇಲೆ ಚಹಾದ ಲೋಟ ಹಿಡಿದು ನನ್ನ ಹತ್ತಿರ ಬಂದ. "ಮೊದಲ ದಿನವೇ ನಿಮ್ಮನ್ನ ಸಾವಿನ ಮನೆಗೆ ಕರೆದ ಹಾಗಾಯ್ತು, ಬೇಜಾರು ಮಾಡ್ಕೋಬೇಡಿ."

"ಪರವಾಗಿಲ್ಲ. ಚಹಾ ಚೆನ್ನಾಗಿದೆ" ಅಂದೆ.

ನಾನು ಮಾತಾಡಿದಷ್ಟು ಹೊತ್ತು ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಕದ್ದು ನೋಡುವ ನೋಟವಲ್ಲ, ಓದುವ ನೋಟ. ನನ್ನ ಕಿವಿ ಬಿಸಿಯಾಯಿತು. ಬೆನ್ನ ಹಿಂದೆ ಕರೆದರೆ ತಿರುಗದವನು ಎದುರಿಗೆ ನಿಂತರೆ ಹೀಗೆ ನೋಡುವುದೇ? ಎಂಥ ಕಿಲಾಡಿ!

ಮುಂದಿನ ಭಾನುವಾರ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋದೆ. ಚಿಕ್ಕಮ್ಮ ನೋಡಿಯೂ ನೋಡದವಳ ಹಾಗೆ ಬೈನಾಕ್ಯುಲರ್ ಒರೆಸುತ್ತ, "ಹಕ್ಕಿಗಳಿಗೆ ಕೆಂಪು ಬಣ್ಣ ಬೇಗ ಕಾಣತ್ತಂತೆ ಕಣೇ" ಅಂದಳು.

ಹೀಗೆ ಭಾನುವಾರಗಳು ಹೋದವು. ಯಾವ ಬಾತು ಮುಳುಗಿ ಮೇವು ಹುಡುಕುತ್ತದೆ, ಯಾವುದು ತಲೆ ಮಾತ್ರ ಅದ್ದುತ್ತದೆ ಎಂದು ಅವನು ಕಲಿಸಿದ. ನಾನು ಅವನ ಬೈನಾಕ್ಯುಲರಿನ ಓರೆಯಾದ ಲೆನ್ಸ್ ಸರಿಮಾಡಿಕೊಟ್ಟೆ. ಒಂದು ಸಂಜೆ ಅಂಗಡಿಗೆ ಬಂದು, ಕಣ್ಣು ಪರೀಕ್ಷೆ ಮಾಡಿ ಅಂದ. ಬೋರ್ಡಿನ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಪಟಪಟ ಓದಿಬಿಟ್ಟ.

"ನಿಮ್ಮ ಕಣ್ಣಲ್ಲಿ ಏನೂ ದೋಷ ಇಲ್ಲ. ಮತ್ತೆ ಯಾಕೆ ಬಂದ್ರಿ?"

"ಅದನ್ನ ನೀವೇ ಕಂಡುಹಿಡೀಬೇಕು ಮೇಡಂ. ಪರೀಕ್ಷೆ ಮಾಡೋರು ನೀವಲ್ವಾ?"

ನಾನು ಲೈಟು ಹಾಕಲು ಆ ಕಡೆ ತಿರುಗಿ, "ಕಂಡುಹಿಡಿದಾಯ್ತು ಬಿಡಿ" ಎಂದು ಮೆಲ್ಲಗೆ ಹೇಳಿದೆ. ಉತ್ತರ ಬರಲಿಲ್ಲ. ನಾಚಿಕೊಂಡಿದ್ದಾನೆ ಎಂದುಕೊಂಡು ರಾತ್ರಿ ಊಟ ಮಾಡುವಾಗ ಒಬ್ಬಳೇ ನಕ್ಕೆ.

ಚಿಕ್ಕಮ್ಮನಿಗೆ ಮಂಡಿನೋವು ಜಾಸ್ತಿಯಾದ ಒಂದು ಬೆಳಿಗ್ಗೆ ನಾನೊಬ್ಬಳೇ ಜೌಗಿಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಅವನು ತಿರುವಿನಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಸ್ಕೋಪು, ಅಂದರೆ ಹಕ್ಕಿ ನೋಡುವ ದುರ್ಬೀನು, ನಿಲ್ಲಿಸಿದ್ದ. ಮಂಜು ಏಳುತ್ತಿತ್ತು. ಹುಲ್ಲಿನ ಒಂದೊಂದು ಎಸಳಿಗೂ ನೀರಿನ ಹನಿ. ಆ ಹುಳದ ಸದ್ದು ಎಂದಿನಂತೆ ಇತ್ತು, ಅವತ್ತು ಇನ್ನೂ ಜೋರಾಗಿಯೇ.

ಸ್ಕೋಪಿನಲ್ಲಿ ಕಣ್ಣಿಟ್ಟು ಸುಮ್ಮನೆ ಹುಲ್ಲಿನ ಮೇಲೆ ಆಡಿಸುತ್ತಿದ್ದೆ. ಒಂದು ತೆನೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ಕಂದು ಹಕ್ಕಿ ಕೂತಿತ್ತು. ನೋಡುತ್ತಿದ್ದಂತೆ ಬಾಯಿ ತೆರೆಯಿತು. ಝೀಂ. ಬಾಯಿ ಮುಚ್ಚಿತು, ಸದ್ದು ನಿಂತಿತು. ಮತ್ತೆ ತೆರೆಯಿತು. ಝೀಂ, ಝೀಂ.

ಹುಳ ಅಲ್ಲ.

"ನೋಡಿ, ಎಷ್ಟು ಮೌನ" ಎಂದ ಅವನು ನನ್ನ ಪಕ್ಕದಲ್ಲಿ. "ಮೊದಲೆಲ್ಲ ಇಲ್ಲಿ ನಿಂತ್ರೆ ಕಿವಿ ತುಂಬೋದು. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಈಗ ಹುಲ್ಲು ಬರೀ ಹುಲ್ಲಾಗಿಬಿಟ್ಟಿದೆ."

ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಕೂಗುತ್ತಲೇ ಇದ್ದವು. ಅವನು ಅವುಗಳ ನಡುವೆ ನಿಂತು, ಅವು ಇಲ್ಲವೆಂದು ಕೊರಗುತ್ತಿದ್ದ. ಪಿಸುಮಾತಿಗೆ ತಿರುಗದ ಬೆನ್ನು, ತುಟಿಯ ಮೇಲಿನ ಕಣ್ಣು, ಅಂಗಡಿಯಲ್ಲಿ ಬಾರದ ಉತ್ತರ, ಎಲ್ಲವೂ ಒಟ್ಟಿಗೆ ಅರ್ಥವಾದವು. ದಿನವೆಲ್ಲ ಕಟಿಂಗ್ ಮೆಷಿನ್ನಿನ ಪಕ್ಕ ನಿಲ್ಲುವವನ ಕಿವಿ. ಹೋಗುವಾಗ ಎಲ್ಲಕ್ಕಿಂತ ಸಣ್ಣ ಸದ್ದನ್ನು ಮೊದಲು ತೆಗೆದುಕೊಂಡು ಹೋಗಿದೆ.

ಹೇಳಲು ಬಾಯಿ ಬರಲಿಲ್ಲ. ಕಣ್ಣು ಮಂಜಾಗಿದೆ ಎಂದು ಕೇಳಿದವರ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಅದು ನನ್ನ ದಿನನಿತ್ಯದ ಕಸುಬು. ಆದರೆ ಅವರಲ್ಲಿ ಯಾರ ಸಲುವಾಗಿಯೂ ನಾನು ಲಿಪ್‌ಸ್ಟಿಕ್ ಹಚ್ಚಿಕೊಂಡಿರಲಿಲ್ಲ.

ಮನೆಗೆ ಬಂದು ಚಿಕ್ಕಮ್ಮನ ಮುಂದೆ ಎಲ್ಲ ಹೇಳಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದ ಕೂಗನ್ನು ಅವಳ ಕಿವಿಯ ಹತ್ತಿರ ಹಾಕಿದೆ.

"ಎಲ್ಲಿ? ಹಾಕೇ" ಅಂದಳು.

"ಹಾಕಿದೀನಿ ಚಿಕ್ಕಮ್ಮ. ಕೂಗ್ತಾ ಇದೆ."

ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು. "ಅಯ್ಯೋ ಶಿವನೇ. ಅಂದ್ರೆ ನಾವಷ್ಟೂ ಜನ ಸೇರಿ ಬದುಕಿರೋ ಹಕ್ಕಿಗೆ ಎದ್ದು ನಿಂತು ಮೌನ ಆಚರಿಸಿದ್ವಾ?"

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂತು.

"ಹೇಳಿಬಿಡು" ಅಂದಳು ಚಿಕ್ಕಮ್ಮ.

"ಹೇಳಿದ್ರೆ ಇನ್ನು ನನ್ನ ಮುಖ ನೋಡಲ್ಲ ಅವರು."

"ಹೇಳದಿದ್ರೆ ಬೀಗದ ಕೈ ಕೊಟ್ಟು ಹೋಗೇ ಹೋಗ್ತಾನೆ. ಇರೋದನ್ನ ಇಲ್ಲ ಅಂದ್ಕೊಂಡು ಅಳೋದಕ್ಕಿಂತ ದೊಡ್ಡ ನಷ್ಟ ಉಂಟಾ? ನೀನು ಹೇಳು, ಆಮೇಲೆ ಅವನ ಹಣೆಬರಹ, ನಿನ್ನ ಹಣೆಬರಹ."

ಹೇಳುವ ಬದಲು ತೋರಿಸೋಣ ಎಂದುಕೊಂಡೆ. ಮುಂದಿನ ಭಾನುವಾರ ಬೇಗ ಹೋಗಿ, ಅದೇ ತೆನೆಯ ಕಡೆ ಸ್ಕೋಪು ತಿರುಗಿಸಿ, "ಇದನ್ನ ನೋಡಿ" ಅಂದೆ.

ಅವನು ಬಗ್ಗಿ ನೋಡಿದ. ಕಣ್ಣು ತೆಗೆಯದೆಯೇ ಕೈ ಚಾಚಿ ನನ್ನ ಕೈ ಹಿಡಿದುಕೊಂಡ. "ಬಂದಿದೆ! ಮೇಡಂ, ಬಂದಿದೆ! ಅಯ್ಯೋ, ಎಲ್ಲಿ ಸಿಕ್ತು ನಿಮಗೆ? ಒಂದು ಕೂಗೂ ಹಾಕದೆ ಕೂತಿದೆ ನೋಡಿ ಕಳ್ಳ."

ಹಕ್ಕಿ ಬಾಯಿ ತೆರೆದದ್ದು ಅವನ ಬೆರಳಿನಲ್ಲಿ ಗೊತ್ತಾಯಿತು. ಹಿಡಿತ ಸಡಿಲವಾಯಿತು.

ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಅದರ ಗಂಟಲು ಕುಣೀತಾ ಇದೆ. ಈಗ ಕೂಗ್ತಾ ಇದೆಯಾ?"

"ಹೂಂ."

ತಿರುಗಿ ನನ್ನ ತುಟಿ ನೋಡಿದ. "ನಿಮಗೆ ಕೇಳ್ತಾ ಇದೆಯಾ?"

"ಹೂಂ. ಮೊದಲ ದಿನದಿಂದಲೂ. ಹುಳ ಅಂದ್ಕೊಂಡಿದ್ದೆ."

ಅವನು ಸ್ಕೋಪಿಗೆ ಮುಚ್ಚಳ ಹಾಕಿದ. ಎದುರಿಗೆ ಬಂದ ಪೋಸ್ಟ್‌ಮಾಸ್ಟರ್ ಕೈಯಲ್ಲಿ ಶೆಡ್ಡಿನ ಬೀಗದ ಕೈ ಇಟ್ಟು, ಏನೂ ಹೇಳದೆ ಹೊರಟುಹೋದ. ಅದರ ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಗುಂಪಿನವರು ನನ್ನನ್ನು, ನೀನು ಏನಂದೆ ಅವನಿಗೆ, ಎಂದು ಕೇಳಿದರು. ಅದು ಅವನು ಹೇಳಬೇಕಾದ ಮಾತು ಎಂದು ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆ ವಾರಗಳಲ್ಲಿ ಯಾರ ಕನ್ನಡಕ ಯಾರಿಗೆ ಕೊಟ್ಟೆನೋ ದೇವರೇ ಬಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಅವನ ವರ್ಕ್‌ಶಾಪಿಗೆ ಹೋದೆ. ಮೆಷಿನ್ನು ಕಿರುಚುತ್ತಿತ್ತು. ಅವನು ಬಾಗಿಲಿಗೆ ಬೆನ್ನು ಮಾಡಿ ಹಲಗೆ ಸೀಳುತ್ತಿದ್ದ. ಈ ಸಲ ಹಿಂದಿನಿಂದ ಕರೆಯಲಿಲ್ಲ. ಸುತ್ತು ಹಾಕಿಕೊಂಡು ಹೋಗಿ, ಅವನ ಕಣ್ಣಿಗೆ ಬೀಳುವಲ್ಲಿ ನಿಂತು ಕಾದೆ. ಅವನು ನೋಡಿ ಮೆಷಿನ್ನು ನಿಲ್ಲಿಸಿದ.

"ಕೋಪ ಇದ್ರೆ ಬೈದುಬಿಡಿ" ಅಂದೆ. "ಹೀಗೆ ಮಾಯ ಆಗ್ಬೇಡಿ."

"ನಿಮ್ಮ ಮೇಲೆ ಯಾಕೆ ಕೋಪ? ನನಗೇ ನಾಚಿಕೆ. ಅಷ್ಟು ಹಿರಿಯರನ್ನ ನಿಲ್ಲಿಸಿ ಅಳಿಸಿದೆ. ಮಾತು ಸರಿಯಾಗಿ ಕೇಳಲ್ಲ ಅಂತ ಗೊತ್ತಿತ್ತು, ಆದ್ರೂ ಹಕ್ಕಿ ಹೋಯ್ತು ಅಂದೆ. ಹೋಗಿದ್ದು ನನ್ನ ಕಿವಿ."

"ಕಿವಿ ಸ್ವಲ್ಪ ಹೋಗಿದೆ. ಅದಕ್ಕೆ ನೀವು ಪೂರ್ತಿ ಹೋಗ್ಬೇಕಾ?"

"ಕೂಗೇ ಕೇಳದವನು ಹಕ್ಕಿ ತೋರಿಸೋದು ಹೇಗೆ ಮೇಡಂ?"

ನನಗೆ ರೇಗಿಹೋಯಿತು. "ನನ್ನ ಅಂಗಡಿಗೆ ಬರೋರೆಲ್ಲ ಕಣ್ಣು ಕಾಣಲ್ಲ ಅಂತಾನೇ ಬರ್ತಾರೆ. ಹಾಗಾದ್ರೆ ಇನ್ಮೇಲೆ ಏನೂ ನೋಡ್ಬೇಡಿ, ಮನೇಲಿ ಬಿದ್ದಿರಿ ಅಂತೀನಾ ನಾನು? ಕಿವಿ ಡಾಕ್ಟ್ರ ಹತ್ರ ಹೋಗಿ. ಈ ದರಿದ್ರ ಮೆಷಿನ್ನು ಓಡಿಸುವಾಗ ಕಿವಿಗೆ ಏನಾದ್ರೂ ಮುಚ್ಕೊಳ್ಳಿ. ಭಾನುವಾರ ಬನ್ನಿ. ಬಂದು ನೀವೇ ಅವರಿಗೆ ಹೇಳಿ."

ಅವನು ಮರದ ಪುಡಿಯ ಮೇಲೆ ಬೆರಳಾಡಿಸುತ್ತ ನಿಂತ. ಆಮೇಲೆ, "ನೀವು ಮಾತಾಡುವಾಗ ನಾನು ಹಾಗೆ ತುಟಿ ನೋಡ್ತಿದ್ದಿದ್ದು..." ಎಂದು ನಿಲ್ಲಿಸಿದ.

"ಮಾತು ತಿಳ್ಕೊಳ್ಳೋಕೆ. ಗೊತ್ತಾಯ್ತು. ನಾನು ಪೆದ್ದಿ, ಏನೇನೋ ಅಂದ್ಕೊಂಡು ಪ್ರತಿ ವಾರ ಲಿಪ್‌ಸ್ಟಿಕ್ ಹಚ್ಕೊಂಡು ಬಂದೆ."

ಅವನ ಕಿವಿಯ ಅಂಚು ಕೆಂಪಾಯಿತು. "ಮೊದಲ ವಾರ ಮಾತಿಗೇ ನೋಡಿದ್ದು" ಅಂದ. "ಆಮೇಲಿನದ್ದು ನೀವು ಅಂದ್ಕೊಂಡಿದ್ದೇ ಸರಿ."

ನಾನು ಹೇಗೆ ಅಂಗಡಿಗೆ ವಾಪಸು ಬಂದೆನೋ ನೆನಪಿಲ್ಲ.

ಡಾಕ್ಟರು ಕಿವಿಗೆ ಮೆಷಿನ್ನು ಕೊಟ್ಟರು. ಅದನ್ನು ಹಾಕಿಕೊಂಡ ಮೇಲೆ ಅವನಿಗೆ ಎಷ್ಟೋ ತಿರುಗಿ ಬಂದವು: ಬೆನ್ನ ಹಿಂದಿನ ಪಿಸುಮಾತು, ಹಲಗೆಯ ಕೆಳಗೆ ನೀರು ತಟ್ಟುವ ಸದ್ದು, ಚಿಕ್ಕಮ್ಮನ ಗೊಣಗಾಟ. ಆದರೆ ಸೂಜಿಹಕ್ಕಿಯ ಕೂಗು ಅಷ್ಟು ಸಣ್ಣ, ಎತ್ತರದ ಸ್ವರದ್ದು, ಅದನ್ನು ತಂದುಕೊಡಲು ಯಾವ ಮೆಷಿನ್ನಿನಿಂದಲೂ ಆಗದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇದನ್ನು ಅವನು ನನಗೆ ಫೋನಿನಲ್ಲಿ ಹೇಳಿ, "ಭಾನುವಾರ ಬರ್ತೀನಿ" ಅಂದ.

ಬಂದ. ಶೆಡ್ಡಿನಲ್ಲಿ ಎಲ್ಲರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ. "ಹಕ್ಕಿ ಇಲ್ಲೇ ಇದೆ. ಎಂದೂ ಹೋಗಿಲ್ಲ. ನನಗೆ ಕೇಳಿಸಲಿಲ್ಲ ಅಷ್ಟೆ. ನೀವು ನನ್ನ ಮಾತು ನಂಬಿದ್ರಿ, ತಪ್ಪಾಯ್ತು."

ನಾನು ಫೋನಿನಲ್ಲಿದ್ದ ಕೂಗನ್ನು ಹಾಕಿದೆ. ಹಿರಿಯರೆಲ್ಲ ಕತ್ತು ಮುಂದೆ ಮಾಡಿ, ಕಿವಿಗೆ ಕೈ ಅಡ್ಡ ಇಟ್ಟು ಕೇಳಿದರು. ಒಬ್ಬರಿಗೂ ಕೇಳಲಿಲ್ಲ. ಮೊದಲು ನಕ್ಕವರು ಪೋಸ್ಟ್‌ಮಾಸ್ಟರ್.

"ತಪ್ಪು ನಿನ್ನದೊಬ್ಬನದೇ ಅಲ್ಲ ಬಿಡಪ್ಪ. ನಮ್ಮದು ಕಿವುಡರ ಸಂಘ ಅಂತ ಇವತ್ತು ಗೊತ್ತಾಯ್ತು" ಎಂದು ಬೀಗದ ಕೈಯನ್ನು ಅವನ ಜೇಬಿಗೆ ಹಾಕಿದರು. "ಆದ್ರೆ ನನ್ನ ಪದ್ಯದ ಗತಿ? ಅಷ್ಟು ಕಷ್ಟಪಟ್ಟು ಸಾಯಿಸಿದ್ದೆ."

"ಆ ಪದ್ಯ ಕೇಳಿಯೂ ಹಕ್ಕಿ ಊರು ಬಿಟ್ಟಿಲ್ಲ ಅಂದ್ರೆ, ಅದಕ್ಕೂ ಕಿವಿ ಮಂದ ಇರ್ಬೇಕು" ಅಂದಳು ಚಿಕ್ಕಮ್ಮ.

ಶೆಡ್ಡು ತುಂಬ ನಗು. ಅವನೂ ನಕ್ಕ. ಅವನ ಬೆನ್ನು ನೆಟ್ಟಗಾದದ್ದನ್ನು ಕಂಡು ನಾನು ಆ ಮುದುಕರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ.

ಎರಡನೇ ಸುತ್ತಿನ ಚಹಾ ಬಂದಾಗ ಚಿಕ್ಕಮ್ಮ ನನ್ನ ಬೆನ್ನಿಗೆ ಬೈನಾಕ್ಯುಲರಿನಿಂದ ತಿವಿದು, ಕಣ್ಣಲ್ಲೇ ಬಾಗಿಲು ತೋರಿಸಿದಳು. ಅವನು ಆಗಲೇ ಸ್ಕೋಪು ಹೊತ್ತು ಹಲಗೆ ದಾರಿಯ ಮೇಲೆ ಹೋಗುತ್ತಿದ್ದ. ನಾನು ಮೆಲ್ಲಗೆ, "ರೀ, ನಿಲ್ಲಿ" ಅಂದೆ. ತಿರುಗಿದ. ನನ್ನ ಒಂದು ಪಿಸುಮಾತಿಗೆ ಆ ಉದ್ದ ಮನುಷ್ಯ ಇಡೀ ಮೈ ತಿರುಗಿಸಿ ನಿಂತದ್ದು ನೋಡಿ ನನ್ನ ಕಣ್ಣು ತುಂಬಿತು.

ತಿರುವಿನಲ್ಲಿ ಬಿಸಿಲು ಬಿದ್ದಿತ್ತು. ಗಾಳಿಗೆ ಹುಲ್ಲು ಒಂದೇ ಕಡೆ ಬಾಗುತ್ತಿತ್ತು. ಹಕ್ಕಿ ಸಿಕ್ಕಿತು. ಅವನು ಸ್ಕೋಪಿಗೆ ಕಣ್ಣಿಟ್ಟ.

"ಬಾಯಿ ತೆರೆಯೋದು ಕಾಣತ್ತೆ" ಅಂದ. "ಆದ್ರೆ ಎಷ್ಟು ಉದ್ದ ಕೂಗ್ತು, ಎಲ್ಲಿ ತಡೀತು, ಅದು ಗೊತ್ತಾಗಲ್ಲ."

"ಕೈ ಕೊಡಿ."

ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಹಕ್ಕಿ ಕೂಗಿದಾಗ ಒತ್ತಿದೆ, ನಿಲ್ಲಿಸಿದಾಗ ಬಿಟ್ಟೆ. ಸಣ್ಣದು, ಸಣ್ಣದು, ಆಮೇಲೆ ಉದ್ದನೆಯದು ಒಂದು. ಸ್ವಲ್ಪ ತಡೆದು ಮತ್ತೆ ಸಣ್ಣದು.

"ಹೌದು" ಎಂದ ಅವನು. "ಹೌದೌದು, ಹೀಗೇ. ಇದೇ ಅದರ ಕೂಗು. ಮರೆತೇ ಹೋಗಿತ್ತು ನನಗೆ."

ಕಣ್ಣು ಒರೆಸಿಕೊಂಡು ಮತ್ತೆ ಬಗ್ಗಿದ. "ನೀವು ಆ ದಿನ ಸುಮ್ಮನಿದ್ದಿದ್ರೆ ನಾನು ಜೀವನಪೂರ್ತಿ ಇದನ್ನ ಸತ್ತಿದೆ ಅಂತಾನೇ ಅಂದ್ಕೊಂಡಿರ್ತಿದ್ದೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳೋದೋ ತಿಳೀತಿಲ್ಲ."

ಥ್ಯಾಂಕ್ಸ್ ಹೇಳಬೇಕಾದವಳು ನಾನು. ಮಂಡಿನೋವಿನ ಚಿಕ್ಕಮ್ಮನಿಗೆ, ಹೆಬ್ಬೆರಳುದ್ದದ ಹಕ್ಕಿಗೆ, ಕೇಳಬೇಕು ಎಂದು ಇಷ್ಟು ಆಸೆಪಡುವ ಒಬ್ಬ ಮನುಷ್ಯ ಈ ಲೋಕದಲ್ಲಿ ಇದ್ದದ್ದಕ್ಕೆ. ಅಷ್ಟನ್ನೂ ಹೇಳಲು ಹೋದರೆ ಅಳು ಬರುತ್ತಿತ್ತು. ಅದಕ್ಕೆ ಅವನ ಕೈಯನ್ನು ಒತ್ತಿದೆ. ಬಿಡಲಿಲ್ಲ.

ಅವನು ಸ್ಕೋಪಿನಲ್ಲೇ ಹುಬ್ಬು ಗಂಟಿಕ್ಕಿದ. "ಮೇಡಂ, ಹಕ್ಕಿ ಬಾಯಿ ಮುಚ್ಕೊಂಡಿದೆ."

"ಗೊತ್ತು."

"ಕೂಗಲಿಲ್ಲವಲ್ಲ ಅದು?"

"ಇಲ್ಲ."

"ಮತ್ತೆ ಇದು?"

"ಇದು ಹಕ್ಕಿ ಅಲ್ಲ" ಅಂದೆ. "ನಾನು."

ಅವನು ಸ್ಕೋಪಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. ನನ್ನ ತುಟಿ ಆಗ ಏನನ್ನೂ ಹೇಳುತ್ತಿರಲಿಲ್ಲ. ಆದರೂ ಅವನು ಅದನ್ನೇ ನೋಡುತ್ತ ನಿಂತ, ಹುಲ್ಲಿನಲ್ಲಿ ಹಕ್ಕಿ ಮತ್ತೆ ಕೂಗತೊಡಗಿತು, ನಾನು ಅವನಿಗೆ ತಿಳಿಸುವುದನ್ನು ಮರೆತುಬಿಟ್ಟೆ.